ಮೊದಲು ಹುಂಜ ನೋಡಿ, ಆಮೇಲೆ ಕಾವು ಕೂರಿಸಿ

12 ಮೊಟ್ಟೆ ಇಟ್ಟು ಕಾವು ಕೂರಿಸಿದ್ದೆ. 21 ದಿನ ಕಳೆದ ಮೇಲೆ ಹೊರಗೆ ಬಂದಿದ್ದು 3 ಪಿಳ್ಳೆ. ಇನ್ನೂ ಎರಡು ದಿನ ಕಾದೆ. ಏನೂ ಆಗಲಿಲ್ಲ. ಪಾಪ, ಆ ಹೇಂಟೆ ಮೂರು ವಾರ ಅರ್ಧ ಹೊಟ್ಟೆಯಲ್ಲಿ ಕೂತು ಬಡವಾಗಿತ್ತು. ನನಗೆ ಅಳು ಬರುವುದೊಂದು ಬಾಕಿ.

ನಮ್ಮದು ಬೇಲೂರಿನಿಂದ ಸಕಲೇಶಪುರದ ಕಡೆಗೆ ಸಿಗುವ ಒಂದು ಹಳ್ಳಿ. ಎರಡು ಎಕರೆ ಕಾಫಿ, ಸ್ವಲ್ಪ ಗದ್ದೆ, ಹಿತ್ತಿಲಲ್ಲಿ ನಾಟಿ ಕೋಳಿ. ಅದು ಏಪ್ರಿಲ್ ತಿಂಗಳು, ದಿನಾ ಸಂಜೆ ಗುಡುಗು. ಗುಡುಗಿಗೆ ಮೊಟ್ಟೆ ಕೆಟ್ಟಿದೆ ಅಂತ ಪಕ್ಕದ ಮನೆಯವರು ಹೇಳಿದರು. ನಾನೂ ನಂಬಿದೆ. ನಮ್ಮತ್ತೆ ಮಾತ್ರ ಒಪ್ಪಲಿಲ್ಲ. "ಸುಮ್ನೆ ಗುಡುಗಿನ ಮೇಲೆ ಯಾಕೆ ಹಾಕ್ತೀಯ? ಒಡೆದು ನೋಡು ಕಣೆ" ಅಂದರು.

ತಿಪ್ಪೆ ಹತ್ತಿರ ಕೂತು 9 ಮೊಟ್ಟೆಯನ್ನೂ ಒಡೆದೆವು. ಎರಡರಲ್ಲಿ ಪೂರ್ತಿ ಬೆಳೆದು ಸತ್ತ ಮರಿ ಇತ್ತು. ಉಳಿದ 7ರಲ್ಲಿ ರಕ್ತದ ಒಂದು ಎಳೆಯೂ ಇಲ್ಲ, ಬರೀ ನೀರಾದ ಹಳದಿ. "ಇದಕ್ಕೆ ಹುಂಜನೇ ಸೇರಿಲ್ಲ" ಅಂದರು ಅತ್ತೆ. ಅಲ್ಲಿಯವರೆಗೂ ಹುಂಜ ಅಂದರೆ ನನಗೆ ಬೆಳಿಗ್ಗೆ ಕೂಗುವ ಕೋಳಿ, ಹಬ್ಬಕ್ಕೆ ಸಾರು. ಮರಿ ಮಾಡಿಸುವ ಕೆಲಸ ಪೂರ್ತಿ ಹೇಂಟೆಯದೇ ಅಂದುಕೊಂಡಿದ್ದೆ.

ಆಮೇಲೆ ನಾಲ್ಕೈದು ಸಂಜೆ ಜಗಲಿಯಲ್ಲಿ ಕೂತು ನೋಡಿದೆ. ಕೋಳಿಗಳು ಸೇರುವುದು ಸಂಜೆ ಹೊತ್ತಿನಲ್ಲೇ ಜಾಸ್ತಿ. ನಮ್ಮಲ್ಲಿ 7 ಹೇಂಟೆಗೆ ಎರಡು ಹುಂಜ ಇದ್ದವು. ದೊಡ್ಡದಕ್ಕೆ ನಾಲ್ಕು ವರ್ಷ. ಮೈ ಭಾರ, ಕಾಲಿನ ಮುಳ್ಳು ಉದ್ದ ಬೆಳೆದು ಬಾಗಿತ್ತು. ಹೇಂಟೆಯ ಮೇಲೆ ಹತ್ತುತ್ತಿತ್ತು, ನಿಲ್ಲಲಾಗದೆ ಜಾರಿ ಇಳಿಯುತ್ತಿತ್ತು. ಚಿಕ್ಕ ಹುಂಜಕ್ಕೆ ಶಕ್ತಿ ಇತ್ತು, ಆದರೆ ದೊಡ್ಡದು ಅದನ್ನು ಹೇಂಟೆಗಳ ಹತ್ತಿರಕ್ಕೇ ಬಿಡುತ್ತಿರಲಿಲ್ಲ. ಇಬ್ಬರಿದ್ದೂ ಕೆಲಸ ಯಾರಿಂದಲೂ ಆಗುತ್ತಿರಲಿಲ್ಲ. 8ರಿಂದ 10 ಹೇಂಟೆಗೆ ಒಂದು ಒಳ್ಳೆ ಹುಂಜ ಸಾಕು. ಹಿತ್ತಿಲು ಚಿಕ್ಕದಿದ್ದರೆ ಎರಡನೆಯದು ಬರೀ ಜಗಳಕ್ಕೆ.

ಎರಡನ್ನೂ ತೆಗೆದೆ. ಚಿಕ್ಕದನ್ನು ಯಾಕೆ ತೆಗೆದೆ ಅಂತ ಇವರು ಕೇಳಿದರು. ಅದು ನಮ್ಮ ಹೇಂಟೆಗಳಿಗೇ ಹುಟ್ಟಿದ್ದು. ಅಮ್ಮ, ಅಕ್ಕ, ತಂಗಿ ಎಲ್ಲ ಇಲ್ಲೇ ಇದ್ದಾವೆ. ಹೀಗೆ ಒಂದೇ ರಕ್ತ ಸೇರುತ್ತಾ ಹೋದರೆ ಮೊಟ್ಟೆಯೊಳಗೇ ಸಾಯುವ ಮರಿ ಹೆಚ್ಚುತ್ತವೆ, ಹುಟ್ಟಿದವೂ ಬಡಕಲು. ಮೂಡಿಗೆರೆ ಹತ್ತಿರದ ತವರಿನಿಂದ ಒಂದು ವರ್ಷದ ಕೆಂಪು ಹುಂಜ ತಂದೆ. ತರುವಾಗ ನೋಡಿದ್ದು ಇಷ್ಟು: ಬೆರಳು ಸೊಟ್ಟ ಇರಬಾರದು, ಎದೆ ಮೂಳೆ ನೇರ ಇರಬೇಕು, ಜುಟ್ಟು ಕೆಂಪಗೆ, ಕಣ್ಣು ಚುರುಕು. ಜೊತೆಗೆ ಅಣ್ಣನ ಮಕ್ಕಳು ಅದರ ಹತ್ತಿರ ಓಡಾಡುವುದನ್ನು ಅರ್ಧ ಗಂಟೆ ನೋಡಿದೆ. ಹಿಂದೊಮ್ಮೆ ಸಾಕಿದ್ದ ಹುಂಜ ನನ್ನ ಮಗಳ ಮುಖಕ್ಕೇ ಹಾರಿತ್ತು. ಕಣ್ಣಿಂದ ಒಂದು ಬೆರಳಷ್ಟು ದೂರದಲ್ಲಿ ಗಾಯ. ಮನುಷ್ಯರ ಮೇಲೆ ಬರುವ ಹುಂಜ ಎಷ್ಟೇ ಚೆನ್ನಾಗಿದ್ದರೂ ಅದರ ಮರಿ ನನಗೆ ಬೇಡ. ಅಪ್ಪನ ಗುಣ ಮರಿಗೂ ಬರುತ್ತದೆ.

ಹೊಸ ಹುಂಜ ಬಂದ ಮಾರನೇ ದಿನವೇ ಮೊಟ್ಟೆ ಕೂಡಿಡಲು ಹೋಗಿದ್ದೆ. ಅದು ಇನ್ನೊಂದು ತಪ್ಪಾಗುತ್ತಿತ್ತು. ಒಂದು ಸಲ ಸೇರಿದರೆ ಹುಂಜದ ಬೀಜ ಹೇಂಟೆಯ ಮೈಯೊಳಗೆ ಎರಡರಿಂದ ಮೂರು ವಾರ ಜೀವಂತ ಉಳಿಯುತ್ತದೆ. ಅದಕ್ಕೆ ಅಂತಲೇ ಅಂಡನಾಳದಲ್ಲಿ ಸಣ್ಣ ಸಣ್ಣ ನಳಿಕೆಗಳಿವೆ. ಹಾಗಾಗಿ ಹಳೆ ಹುಂಜ ಹೋದ ಮೇಲೂ ಅದರ ಮರಿಯೇ ಆಗಬಹುದು. ಹೊಸದರ ಮರಿಯೇ ಬೇಕು ಅಂದರೆ ಮೂರು ವಾರ ಕಾಯಬೇಕು. ನಾನು ಕಾದೆ.

ಆ ಮೂರು ವಾರದಲ್ಲಿ ಒಂದು ವಿಷಯ ಕಲಿತೆ. ಕೋಳಿ ಸಾಕುವ ಎಲ್ಲರೂ ಇದನ್ನು ಮಾಡಬೇಕು, ಒಂದು ಪೈಸೆ ಖರ್ಚಿಲ್ಲ. ಅಡುಗೆಗೆ ಮೊಟ್ಟೆ ಒಡೆಯುವಾಗ ನೇರ ಬಾಣಲೆಗೆ ಹಾಕಬೇಡಿ. ಒಂದು ತಟ್ಟೆಗೆ ಮೆಲ್ಲಗೆ ಒಡೆದು ಹಳದಿಯ ಮೇಲೆ ನೋಡಿ. ಅಲ್ಲೊಂದು ಬಿಳಿ ಚುಕ್ಕೆ ಇರುತ್ತದೆ. ಚುಕ್ಕೆ ಪುಟ್ಟದಾಗಿ, ಅಂಚು ಸರಿಯಿಲ್ಲದೆ, ಗಟ್ಟಿ ಬಿಳಿ ಇದ್ದರೆ ಹುಂಜ ಸೇರಿಲ್ಲ. ಹುಂಜ ಸೇರಿದ ಮೊಟ್ಟೆಯಲ್ಲಿ ಅದು ಸುಮಾರು 4 ಮಿಲಿಮೀಟರ್ ಅಗಲ ಇರುತ್ತದೆ, ದುಂಡಗೆ ಬಳೆಯ ಹಾಗೆ ಕಾಣುತ್ತದೆ. ಚುಕ್ಕೆ ಕೆಳಗೆ ಹೋಗಿದ್ದರೆ ಚಮಚದಲ್ಲಿ ಹಳದಿಯನ್ನು ಸ್ವಲ್ಪ ಹೊರಳಿಸಿ. ಎರಡು ಮೂರು ದಿನ ನೋಡಿದರೆ ಕಣ್ಣಿಗೆ ಅಭ್ಯಾಸ ಆಗುತ್ತದೆ. ಮೊದಲ ವಾರ ನನಗೆ 10ರಲ್ಲಿ 4 ಬಳೆ ಕಂಡವು, ಮೂರನೇ ವಾರ 10ರಲ್ಲಿ 9. ಆಗ ಕಾವಿಗೆ ಧೈರ್ಯ ಬಂತು. ಹೇಂಟೆಯನ್ನು 21 ದಿನ ಕೂರಿಸಿ ಆಮೇಲೆ ತಿಳಿಯುವುದಕ್ಕಿಂತ, ತಿಂಡಿ ಮಾಡುವಾಗಲೇ ತಿಳಿದರೆ ಒಳ್ಳೇದಲ್ವಾ? ಈ ಬಳೆ ಇದೆ ಅಂತ ತಿನ್ನಲು ಹೆದರಬೇಕಾಗಿಲ್ಲ. ಕಾವು ಸಿಗದೆ ಅದು ಮರಿಯಾಗುವುದಿಲ್ಲ.

ಮೊಟ್ಟೆ ಕೂಡಿಡುವುದರಲ್ಲಿ ಅತ್ತೆಯ ಪದ್ಧತಿಯನ್ನೇ ಇಟ್ಟುಕೊಂಡಿದ್ದೇನೆ. ತಣ್ಣಗಿನ ಒಳಕೋಣೆ, ರಾಗಿ ತುಂಬಿದ ಅಗಲ ಪಾತ್ರೆ, ಅದರಲ್ಲಿ ಚೂಪು ತುದಿ ಕೆಳಗೆ ಮಾಡಿ ಮೊಟ್ಟೆ ನಿಲ್ಲಿಸುವುದು. ಫ್ರಿಜ್ ಬೇಡ. ತೊಳೆಯುವುದೂ ಬೇಡ, ಚಿಪ್ಪಿನ ಮೇಲಿರುವ ಕಾಣದ ಪೊರೆ ಹೋದರೆ ಕೊಳೆ ಒಳಗಿಳಿಯುತ್ತದೆ. ನಾನು ಸೇರಿಸಿದ್ದು ಪೆನ್ಸಿಲ್‌ನಲ್ಲಿ ತಾರೀಕು ಬರೆಯುವುದನ್ನು. 7 ದಿನ ದಾಟಿದ್ದು ಸಾರಿಗೆ.

ಹೇಂಟೆ ಕಾವಿಗೆ ಬಂದಿದ್ದು ಗೊತ್ತಾಗುವುದು ಕಷ್ಟವಲ್ಲ. ಗೂಡು ಬಿಟ್ಟು ಏಳುವುದಿಲ್ಲ, ಕೈ ಹಾಕಿದರೆ ಪುಕ್ಕ ಕೆದರಿ ಗುರ್ ಅನ್ನುತ್ತದೆ, ಹೊಟ್ಟೆಯ ಅಡಿ ಪುಕ್ಕ ಉದುರಿ ಚರ್ಮ ಬಿಸಿ ಇರುತ್ತದೆ. ಆದರೂ ಎರಡು ದಿನ ಸುಳ್ಳು ಮೊಟ್ಟೆಯ ಮೇಲೆ ಕೂರಿಸಿ ನೋಡುತ್ತೇನೆ. ಮೊದಲ ಸಲ ಮೊಟ್ಟೆ ಇಟ್ಟ ಯಾಟೆ ಮಧ್ಯದಲ್ಲೇ ಎದ್ದು ಹೋಗುವುದುಂಟು. ಮಂಕರಿಗೆ ಒಲೆಬೂದಿ ಹರಡಿ, ಮೇಲೆ ಭತ್ತದ ಹುಲ್ಲು ಹಾಕಿ, ಕತ್ತಲಾದ ಮೇಲೆ ಕೂರಿಸುವುದು. ಬೂದಿ ಹೇನಿಗೆ. ಹೇನು ಬಿದ್ದರೆ ಎಂಥ ಹೇಂಟೆಯೂ ಕೂರಲ್ಲ. ಅತ್ತೆ ಒಂದು ತುಂಡು ಕಬ್ಬಿಣ, ಒಂದು ಇದ್ದಿಲು ಇಡುತ್ತಾರೆ. ಅವರ ತಾಯಿಯೂ ಇಡುತ್ತಿದ್ದರಂತೆ. ನಾನು ತೆಗೆಯುವುದಿಲ್ಲ.

ನಾಟಿ ಹೇಂಟೆಯ ಮೈಗೆ 10 ಮೊಟ್ಟೆ ಸರಿ, ಚಳಿಗಾಲದಲ್ಲಿ 9. ಹೊರಗೆ ಚಾಚಿಕೊಂಡ ಒಂದು ಮೊಟ್ಟೆ ದಿನಾ ಬದಲಾಗುತ್ತಾ ಎಲ್ಲದಕ್ಕೂ ತಂಡಿ ಹತ್ತಿಸುತ್ತದೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡುತ್ತೇನೆ. ಒಳಗೆ ಜೇಡದ ಬಲೆಯ ಹಾಗೆ ಕೆಂಪು ನರ ಕಂಡರೆ ಜೀವ ಇದೆ. ಬರೀ ರಕ್ತದ ಉಂಗುರ ಇದ್ದರೆ ಸತ್ತಿದೆ. ಏನೂ ಇಲ್ಲದಿದ್ದರೆ ಬರಡು. ಸತ್ತದ್ದು, ಬರಡು ಎರಡನ್ನೂ ಅಲ್ಲೇ ತೆಗೆದುಬಿಡಿ. ಕೊಳೆತ ಮೊಟ್ಟೆ ಗೂಡಲ್ಲಿ ಒಡೆದರೆ ಉಳಿದವೂ ಹಾಳು. 18ನೇ ದಿನದಿಂದ ನಾನು ಗೂಡಿಗೆ ಕೈ ಹಾಕುವುದಿಲ್ಲ.

ಹೊಸ ಹುಂಜದ ಮೊದಲ ಕಾವಿನಲ್ಲಿ 10ರಲ್ಲಿ 9 ಮರಿ ಆದವು. ಚಿಪ್ಪು ಒಡೆಯುವ ಶಬ್ದ ಕೇಳಿ ಅತ್ತೆಯನ್ನು ಕೂಗಿದೆ. ಇಬ್ಬರೂ ಮಂಕರಿ ಪಕ್ಕದಲ್ಲೇ ಕೂತುಬಿಟ್ಟೆವು. ಮೊದಲ ತೂತಿನಿಂದ ಮರಿ ಹೊರಗೆ ಬರಲು 12ರಿಂದ 24 ಗಂಟೆ ಆಗಬಹುದು. ಚಿಪ್ಪು ಬಿಡಿಸಲು ಕೈ ತುರಿಸುತ್ತದೆ, ಬಿಡಿಸಬೇಡಿ. ಒಳಗಿನ ಪೊರೆಯಲ್ಲಿ ಇನ್ನೂ ರಕ್ತ ಓಡುತ್ತಿರುತ್ತದೆ. ಹುಟ್ಟಿದ ತಕ್ಷಣ ನುಚ್ಚು ಹಾಕುವ ಅವಸರವೂ ಬೇಡ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿಯೇ ಅದಕ್ಕೆ ಎರಡು ದಿನದ ಬುತ್ತಿ.

ಅದೇ ವರ್ಷ ಒಂದು ಚಿಕ್ಕ ಇನ್‌ಕ್ಯುಬೇಟರ್ ಕೂಡ ತಂದೆವು. ಫ್ಯಾನ್ ಇರುವಂಥದ್ದು, 37.5 ಡಿಗ್ರಿ ಬಿಸಿ. ಮೊದಲ ಸಲ 30ರಲ್ಲಿ 11 ಮಾತ್ರ. ಕೊನೆಯ ಮೂರು ದಿನ ಆಸೆಗೆ ಬಿದ್ದು ಗಂಟೆಗೊಮ್ಮೆ ಮುಚ್ಚಳ ತೆಗೆದೆ. ಒಳಗಿನ ತೇವ ಹೋಗಿ ಪೊರೆ ಒಣಗಿ ಮರಿಗೆ ಅಂಟಿಕೊಂಡಿತು. ಆ ಮೂರು ದಿನ ತೇವ ಶೇಕಡ 65ರ ಮೇಲೆ ಇರಬೇಕು. ನಮ್ಮ ಕಡೆ ಕರೆಂಟನ್ನೂ ನಂಬುವ ಹಾಗಿಲ್ಲ. ಈಗ ಅದನ್ನು ಗಿರಿರಾಜ ಮೊಟ್ಟೆಗೆ ಮಾತ್ರ ಬಳಸುತ್ತೇನೆ, ಆ ಹೇಂಟೆಗಳು ಕಾವಿಗೆ ಕೂರುವುದು ಅಪರೂಪ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ ಅದು. ಮನೆಯಲ್ಲೇ ಅದಕ್ಕೆ ಮರಿ ಮಾಡಿಸುತ್ತಾ ಹೋದರೆ ಮೊದಲಿನ ಮೈ, ಮೊದಲಿನ ಮೊಟ್ಟೆ ಉಳಿಯುವುದಿಲ್ಲ.

ಮರಿಗಳಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಎರಡು ಸಲ: ಒಂದು ವಾರದೊಳಗೆ ಕಣ್ಣಿಗೆ ಲಸೋಟಾ ಹನಿ, ಎರಡು ತಿಂಗಳಿಗೆ ಆರ್‌ಟುಬಿ ಚುಚ್ಚುಮದ್ದು. ಇದನ್ನು ಹಾಕಿಸದಿದ್ದರೆ ಆ ರೋಗ ಒಂದೇ ವಾರದಲ್ಲಿ ಗೂಡು ಖಾಲಿ ಮಾಡುತ್ತದೆ. ಲಸಿಕೆಯ ಒಂದು ಬಾಟಲಿ 100 ಕೋಳಿಗೆ ಬರುತ್ತದೆ, ಕಲಸಿದ ಮೇಲೆ ಇಡುವಂತಿಲ್ಲ. ಅದಕ್ಕೆ ನಾವು ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕಾವು ಕೂರಿಸುತ್ತೇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಯಾರೂ ಕೂರಿಸುವುದಿಲ್ಲ. ಆ ಮಳೆಯಲ್ಲಿ ಪಿಳ್ಳೆ ಉಳಿಸುವುದು ಬಹಳ ಕಷ್ಟ.

ಕೆಂಪು ಹುಂಜದ ಇನ್ನೊಂದು ಕೆಲಸ ಮರಿಗಳು ತೋಟಕ್ಕೆ ಇಳಿದ ಮೇಲೆ ಕಂಡಿತು. ಹದ್ದಿನ ನೆರಳು ಬಿದ್ದರೆ ಒಂದು ಥರ ಕೂಗು, ಎಲ್ಲ ಕಾಫಿ ಗಿಡದ ಬುಡಕ್ಕೆ. ಮುಂಗುಸಿ ಬಂದರೆ ಬೇರೆ ಕೂಗು, ಎಲ್ಲ ತಲೆ ಎತ್ತಿ ನಿಲ್ಲುತ್ತವೆ. ಹುಳ ಸಿಕ್ಕರೆ ತಾನು ತಿನ್ನದೆ ಕುಕ್ಕುಕ್ ಅಂತ ಹೇಂಟೆಗಳನ್ನು ಕರೆಯುತ್ತದೆ. ಹಿಂದಿನ ಹುಂಜ ಹೀಗೆ ಕರೆದಿದ್ದನ್ನು ನಾನು ಕಂಡಿಲ್ಲ.

ಅದು ಬಂದು ಈಗ ಎರಡು ವರ್ಷ ಆಯಿತು. ಅದರ ಹೆಣ್ಣುಮರಿಗಳೇ ಈಗ ಮೊಟ್ಟೆ ಇಡುತ್ತಿವೆ, ಹಾಗಾಗಿ ಅದು ಇಲ್ಲಿ ಇರುವಂತಿಲ್ಲ. ಸಾರಿಗೆ ಹಾಕಲು ನನಗೆ ಮನಸ್ಸಿಲ್ಲ. ಪಕ್ಕದ ಊರಿನ ನಾದಿನಿ ಮನೆಯಲ್ಲಿ 8 ಹೇಂಟೆ ಇವೆ, ಹುಂಜ ಇಲ್ಲ. ಬರುವ ಭಾನುವಾರ ಅಲ್ಲಿಗೆ ಕೊಟ್ಟು, ಹಾಗೇ ಮೂಡಿಗೆರೆಗೆ ಹೋಗಿ ಬರುತ್ತೇವೆ. ಅಣ್ಣ ಈ ಸಲ ಬೇರೆ ಊರಿನಿಂದ ತಂದ ಕಪ್ಪು ಹುಂಜ ಇಟ್ಟಿದ್ದಾನಂತೆ. ಸಂಜೆ ಹೊತ್ತು ಅರ್ಧ ಗಂಟೆ ಕೂತು ನೋಡಿ ಆಮೇಲೆ ಹೇಳುತ್ತೇನೆ ಅಂದಿದ್ದೇನೆ.