ಪಿವಿಸಿ ಪೈಪಿನಲ್ಲಿ ಕಟ್ಟಿದ ಸೆಂಟ್ರಲ್ ಜೈಲು

"ಪೈಪಿನಲ್ಲಿ ಜೈಲು ಕಟ್ತೀಯಾ? ಸ್ಕೂಲ್ ಡೇ ನಾಟಕದ ಥರ ಕಾಣುತ್ತೆ ನೋಡು" ಅಂದಿದ್ದು ನಮ್ಮ ಕ್ಯಾಮೆರಾಮನ್. ಮೊನ್ನೆ ಅವನೇ ಫೋನ್ ಮಾಡಿ, ಇನ್ನೊಂದು ತಂಡಕ್ಕೆ ಬೇಕು, ಕಂಬಿ ಹೇಗೆ ಮಾಡಿದೆ ಹೇಳು ಅಂದ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಾಡಿದ ಕಿರುಚಿತ್ರ 26 ನಿಮಿಷದ್ದು. ಎರಡೇ ಪಾತ್ರ. ತುರ್ತು ಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆಯಡಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಬಂದ ಒಬ್ಬ ಮೇಷ್ಟ್ರು, ರಾತ್ರಿ ಪಾಳಿಯ ಒಬ್ಬ ವಾರ್ಡರ್. 1975ರಲ್ಲಿ ವಾಜಪೇಯಿ, ಅಡ್ವಾಣಿ, ಸಮಾಜವಾದಿ ನಾಯಕ ಮಧು ದಂಡವತೆ ಇದ್ದ ಜೈಲು ಅದು. ಆದರೆ ನನ್ನನ್ನು ಕಾಡಿದ್ದು ಸ್ನೇಹಲತಾ ರೆಡ್ಡಿ. ಆಸ್ತಮಾ ಇದ್ದ ಆ ರಂಗನಟಿಯನ್ನು ಸುಮಾರು ಎಂಟು ತಿಂಗಳು ಅಲ್ಲಿಟ್ಟಿದ್ದರು. 1977ರ ಜನವರಿಯಲ್ಲಿ ಹೊರಗೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ರಾತ್ರಿ ಅವರ ಕೂಗು ಕೇಳಿಸುತ್ತಿತ್ತು ಅಂತ ದಂಡವತೆ ಬರೆದುಕೊಂಡಿದ್ದಾರೆ. ಹಾಗಾದರೆ ಕಾವಲಿಗಿದ್ದವರಿಗೂ ಕೇಳಿಸಿರಬೇಕು, ಅಲ್ವಾ? ನಮ್ಮ ಮೇಷ್ಟ್ರು ಕಲ್ಪನೆಯ ಪಾತ್ರ. ಅವರ ಉಬ್ಬಸ ಮಾತ್ರ ಸ್ನೇಹಲತಾ ಅವರಿಂದ ಬಂದದ್ದು.

ಆ ಜೈಲು ಈಗ ಫ್ರೀಡಂ ಪಾರ್ಕ್. ಹೋಗಿ ನೋಡಿದೆ. ಶೇಷಾದ್ರಿ ರಸ್ತೆಯ ಗಾಡಿಗಳ ಸದ್ದಿನಲ್ಲಿ ಉಸಿರಿನ ಸದ್ದು ಹಿಡಿಯೋದು ಆಗದ ಮಾತು. ಮಂಡ್ಯದ ಹತ್ತಿರ ಮುಚ್ಚಿದ ರೈಸ್ ಮಿಲ್ಲೊಂದನ್ನು ದಿನಕ್ಕೆ ಒಂದೂವರೆ ಸಾವಿರಕ್ಕೆ ಹಿಡಿದೆ.

ಮೊದಲ ಸಲ ಗೋಡೆಗೆ ಎಮಲ್ಷನ್ ಹೊಡೆಸಿ ಕೆಟ್ಟೆ. ಲೈಟ್ ಬಿದ್ದ ತಕ್ಷಣ ಲಾಡ್ಜ್ ರೂಮಿನ ಹಾಗೆ ಹೊಳೆಯಿತು. ಎರಡು ದಿನದ ಶೂಟಿಂಗ್, ಹತ್ತಿರ ಹತ್ತಿರ ಐವತ್ತೈದು ಸಾವಿರ, ಪೂರ್ತಿ ಹೋಯಿತು. ಹೆಂಡತಿ ಚೀಟಿ ಎತ್ತಿ ಕೊಟ್ಟಳು. ಆಮೇಲೆ ಸುಣ್ಣಕ್ಕೇ ಬಂದೆ. ಆರು ಕೋಟು, ಒಂದಕ್ಕೆ ನೀಲಿ ಜಾಸ್ತಿ, ಇನ್ನೊಂದಕ್ಕೆ ಚೂರು ಹಳದಿ. ಕೆಳಗೆ ಮೂರು ಅಡಿ ಕಾವಿ. ಒಣಗಿದ ಮೇಲೆ ತೆಂಗಿನ ನಾರಿನಲ್ಲಿ ಅಲ್ಲಲ್ಲಿ ಉಜ್ಜಿದರೆ ಒಳಗಿನ ಕೋಟುಗಳು ಇಣುಕುತ್ತವೆ. ಮೂಲೆಯಲ್ಲಿ ತೇವದ ಕಲೆ ಬರೋಕೆ ಏನು ಬೆರೆಸಿದೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ.

ಕಂಬಿಗೆ ವೆಲ್ಡಿಂಗ್ ಅಂಗಡಿಯವರು ಒಂದು ಲಕ್ಷದ ಮೇಲೆ ಹೇಳಿದರು. ನಾನು ಒಂದಿಂಚಿನ ಪೈಪು ತಂದೆ, ಮೂವತ್ತೋ ಮೂವತ್ತೆರಡೋ. ಬಣ್ಣವೂ ಸೇರಿ ಒಂಬತ್ತು ಸಾವಿರ ಆಗಿರಬೇಕು. ನಟ ಕೈಯಿಟ್ಟು ಒರಗಿದ ಕೂಡಲೇ ಪೈಪು ಬಾಗಿತು. ಎಲ್ಲಾ ಪೈಪಿಗೂ ಒದ್ದೆ ಮರಳು ಗಿಡಿದು ತುಂಬಿಸಿದೆ. ಅವನು ಹಿಡಿಯುವ ಎರಡು ಕಂಬಿ ಮಾತ್ರ ನಿಜವಾದ ಕಬ್ಬಿಣ. ಉಳಿದವಕ್ಕೆ ರೆಡ್ ಆಕ್ಸೈಡ್, ಅದರ ಮೇಲೆ ಬ್ಲ್ಯಾಕ್‌ಬೋರ್ಡ್ ಪೇಂಟ್. ಎದೆಯೆತ್ತರದಲ್ಲಿ, ಕೈ ಸವೆಸುವ ಜಾಗದಲ್ಲಿ, ಪೆನ್ಸಿಲ್ ಸೀಸದ ಪುಡಿ ಹಾಕಿ ಹತ್ತಿ ಬಟ್ಟೆಯಲ್ಲಿ ತಿಕ್ಕಿದೆ. ವರ್ಷಗಟ್ಟಲೆ ಹಿಡಿದು ಹಿಡಿದು ನುಣುಪಾದ ಕಬ್ಬಿಣವೇ! ಕ್ಲೋಸಪ್‌ನಲ್ಲೂ ಯಾರಿಗೂ ಗೊತ್ತಾಗಿಲ್ಲ. ಬೀಗದ ಸದ್ದು ಮಿಲ್ಲಿನ ಹಳೇ ಗೇಟಿನದು, ಬೆಳಗಿನ ಜಾವ ಮೂರಕ್ಕೆ ರೆಕಾರ್ಡ್ ಮಾಡಿದ್ದು.

ಮಧ್ಯದಲ್ಲಿ ಕಾಗದದ ಹಿಂದೆ ಬಿದ್ದು ಒಂದು ವಾರ ಕಳೆದೆ. ಕೈದಿಗಳ ಕಾಗದ ಸೆನ್ಸಾರ್ ಆಗುತ್ತಿದ್ದ ಕಾಲ. ಮೇಷ್ಟ್ರ ಮಗಳ ಕಾಗದದಲ್ಲಿ ಎರಡು ಸಾಲಿಗೆ ಮಸಿ ಬಳಿದಿರುತ್ತಾರೆ. ಇಂಕ್ ಪೆನ್ನಿನಲ್ಲಿ ಬರೆಸಿದರೆ ಮಸಿಯ ಕೆಳಗೆ ಎಲ್ಲಾ ಮುಳುಗಿಹೋಯಿತು. ಬಾಲ್ ಪೆನ್ನಿನಲ್ಲಿ ಒತ್ತಿ ಬರೆಸಿದೆ. ಹಿಂಬದಿಯಲ್ಲಿ ಅಕ್ಷರ ಉಬ್ಬಿ ನಿಂತವು. ಬಲ್ಬನ್ನು ಪಕ್ಕಕ್ಕೆ ಇಳಿಸಿದರೆ ಒಂದೊಂದೂ ಕಾಣುತ್ತೆ. ಸ್ಕ್ರಿಪ್ಟಿನಲ್ಲಿ ಇರದ ದೃಶ್ಯ ಅಲ್ಲೇ ಹುಟ್ಟಿತು. ಮೇಷ್ಟ್ರು ಕಾಗದ ತಿರುಗಿಸಿ ಬೆರಳಾಡಿಸಿ ಓದುತ್ತಾರೆ. ವಾರ್ಡರ್ ನೋಡುತ್ತಾನೆ, ಏನೂ ಹೇಳದೆ ಲಾಟೀನನ್ನು ಕಂಬಿಯ ಹತ್ತಿರಕ್ಕೆ ಸರಿಸುತ್ತಾನೆ. ಇಡೀ ಚಿತ್ರದಲ್ಲಿ ನನಗೆ ತುಂಬಾ ಇಷ್ಟವಾದ ಶಾಟ್ ಅದು.

ಒಟ್ಟು ಮೂರೂವರೆ ಲಕ್ಷದೊಳಗೆ ಮುಗಿಯಿತು, ಸೆಟ್ಟಿಗೆ ನಲವತ್ತು ಸಾವಿರ. ಪೈಪುಗಳನ್ನು ಅಟ್ಟದ ಮೇಲೆ ಹಾಕಿದ್ದೇನೆ. ಬೇಕಾದವರು ಬಂದು ತಗೊಂಡು ಹೋಗಿ, ಬಾಡಿಗೆ ಬೇಡ. ಮರಳು ಖಾಲಿ ಮಾಡಿದ್ದೇನೆ, ನೀವೇ ತುಂಬಿಸಿಕೊಳ್ಳಬೇಕು.