ಮುಂಬಯಿಯ ಸೆಖೆಯಲ್ಲಿ ಬ್ರೆಡ್ಡಿನ ಹೆಪ್ಪು

ಸೋರ್‌ಡೋ ಬ್ರೆಡ್ಡಿಗೆ ಬೇಕಾಗುವ ಹುಳಿಹಿಟ್ಟನ್ನು ಮಕ್ಕಳೆಲ್ಲ ಸ್ಟಾರ್ಟರ್ ಎನ್ನುತ್ತಾರೆ. ವರ್ಷಗಟ್ಟಲೆ ಮೊಸರಿಗೆ ಹೆಪ್ಪು ಹಾಕುತ್ತ ಬಂದ ನನ್ನ ಬಾಯಿಗೆ ಅದು ಹೆಪ್ಪೆಂದೇ ಬರುತ್ತದೆ. ಮಾಟುಂಗದ ನಮ್ಮ ಮನೆಯಲ್ಲಿ ಈಗಿರುವ ಹೆಪ್ಪಿಗೆ ಆರು ವರ್ಷ. ಅದಕ್ಕಿಂತ ಮೊದಲು ಎರಡನ್ನು ಹಾಳು ಮಾಡಿದ್ದೇನೆ, ಎರಡು ಸಲವೂ ಒಂದೇ ತಪ್ಪಿನಿಂದ. ಹಳೆಯ ಹೆಪ್ಪಿನ ತೂಕದಷ್ಟೇ ಹಿಟ್ಟು, ಅಷ್ಟೇ ನೀರು, ದಿನಕ್ಕೊಮ್ಮೆ ಹಾಕಿರಿ ಎಂದು ಚಳಿದೇಶದವರು ಬರೆದಿಟ್ಟದ್ದನ್ನು ನಾನು ಅಕ್ಷರಶಃ ಪಾಲಿಸಿದ್ದೆ. 21 ಡಿಗ್ರಿಯ ಅಡುಗೆಮನೆಗೆ ಆ ಲೆಕ್ಕ ಹೊಂದಬಹುದು; ಮೇ ತಿಂಗಳಲ್ಲಿ ಎರಡು ಒಲೆ ಉರಿಯುತ್ತಿರುವ ನಮ್ಮ ಅಡುಗೆಮನೆ 33 ಡಿಗ್ರಿ ದಾಟಿದಾಗ, ಹಾಕಿದ ಹಿಟ್ಟನ್ನು ಹೆಪ್ಪು ನಾಲ್ಕು ಗಂಟೆಯೊಳಗೆ ತಿಂದು ಮುಗಿಸಿ ಉಳಿದ ಇಪ್ಪತ್ತು ಗಂಟೆ ಉಪವಾಸ ಕೂರುತ್ತದೆ.

ಉಪವಾಸದಿಂದ ಹೆಪ್ಪು ಒಮ್ಮೆಗೇ ಸಾಯುವುದಿಲ್ಲ, ಆದರೆ ಕೆಡುತ್ತ ಹೋಗುತ್ತದೆ. ಅದರೊಳಗೆ ಹಿಟ್ಟನ್ನು ಉಬ್ಬಿಸುವ ಕಾಡು ಯೀಸ್ಟ್ ಮತ್ತು ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಒಟ್ಟಿಗೆ ಬಾಳುತ್ತವೆ. ಆಹಾರ ತೀರಿದ ಮೇಲೆ ಹುಳಿಯೇ ಮೇಲುಗೈಯಾಗಿ ಯೀಸ್ಟಿನ ಕಸುವು ಇಳಿಯುತ್ತದೆ, ಹಿಟ್ಟಿನ ಅಂಟೂ ಕರಗಿ ಹೆಪ್ಪು ಗಂಜಿಯಂತೆ ನೀರಾಗುತ್ತದೆ. ಅಂತಹ ಹೆಪ್ಪಿನಿಂದ ನಾದಿದ ಹಿಟ್ಟು ಒಲೆಯಲ್ಲಿ ಏಳದೆ ರೊಟ್ಟಿಯಂತೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಆದ್ದರಿಂದ ನಮ್ಮ ಹವೆಯಲ್ಲಿ ಬೀಜ ಕಡಿಮೆಯಿರಬೇಕು, ಊಟ ಹೆಚ್ಚಿರಬೇಕು. ಬೇಸಿಗೆಯಲ್ಲಿ ನಾನು 10 ಗ್ರಾಂ ಹಳೆಯ ಹೆಪ್ಪಿಗೆ 50 ಗ್ರಾಂ ಹಿಟ್ಟು ಮತ್ತು 50 ಗ್ರಾಂ ನೀರು ಬೆರೆಸುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಹಿಟ್ಟನ್ನೂ ನೀರನ್ನೂ 30 ಗ್ರಾಮಿಗೆ ಇಳಿಸುತ್ತೇನೆ. ಲೋಟದ ಅಳತೆಗೆ ಹೋಗದೆ ತಕ್ಕಡಿಯಲ್ಲೇ ತೂಗಬೇಕು, ಏಕೆಂದರೆ ಒತ್ತಿ ತುಂಬಿದ ಲೋಟದ ಹಿಟ್ಟಿಗೂ ಜರಡಿಯಾಡಿಸಿ ತುಂಬಿದ ಹಿಟ್ಟಿಗೂ ತೂಕದಲ್ಲಿ ಬಹಳ ವ್ಯತ್ಯಾಸ ಬರುತ್ತದೆ.

ಮತ್ತೆ ಯಾವಾಗ ಊಟ ಹಾಕಬೇಕೆಂಬುದನ್ನು ಗಡಿಯಾರಕ್ಕಿಂತ ಭರಣಿಯೇ ಸರಿಯಾಗಿ ಹೇಳುತ್ತದೆ. ಗಾಜಿನ ಭರಣಿಗೆ ಹಿಟ್ಟಿನ ಮಟ್ಟದಲ್ಲಿ ಒಂದು ರಬ್ಬರ್ ಬ್ಯಾಂಡ್ ಹಾಕಿಡಿ. ಹೆಪ್ಪು ಆ ಗುರುತಿನ ಎರಡರಷ್ಟು ಮೇಲೇರಿ, ಗುಮ್ಮಟದಂತೆ ಉಬ್ಬಿದ ತಲೆ ನಡುವಿನಲ್ಲಿ ತುಸುವೇ ಕುಸಿಯತೊಡಗಿದ ಹೊತ್ತೇ ಹದವಾದ ಹೊತ್ತು. ಆಗ ಚಮಚ ಇಳಿಸಿ ಓರೆಯಾಗಿ ಎತ್ತಿದರೆ ಸೆಟ್ ದೋಸೆಯ ಮೈಯಂತೆ ತೂತುತೂತಾದ ಜಾಲರಿ ಕಾಣಿಸುತ್ತದೆ, ಎಳೆಗಳು ಚಮಚಕ್ಕೆ ಅಂಟಿಕೊಂಡೇ ಬರುತ್ತವೆ. ಹುಳಿಮಜ್ಜಿಗೆಗೆ ಕಳಿತ ಬಾಳೆಹಣ್ಣು ಸೇರಿದಂತಹ ವಾಸನೆ ಇರುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಮೂಗಿಗೆ ಹೊಡೆದರೆ ಅದು ಹಸಿದಿದೆಯೆಂದು ತಿಳಿಯಿರಿ, ಹೆದರಿ ಚೆಲ್ಲಬೇಡಿ.

ಹೊಸದಾಗಿ ಹೆಪ್ಪು ಮಾಡುವವರು ಗಿರಣಿಯಲ್ಲಿ ಆಗಷ್ಟೇ ಬೀಸಿಸಿದ ಗೋಧಿ ಹಿಟ್ಟಿನಿಂದ ಆರಂಭಿಸುವುದು ಒಳ್ಳೆಯದು. ತೌಡಿನೊಡನೆ ಬರುವ ಜೀವಾಣುಗಳೇ ನಮ್ಮ ಬಂಡವಾಳ. ಒಂದು ಹಿಡಿ ರಾಗಿ ಹಿಟ್ಟು ಸೇರಿಸಿದರೆ ಇನ್ನೂ ಚುರುಕಾಗುತ್ತದೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಕುದಿಸಿ ಆರಿಸಿದ ನೀರನ್ನೇ ಬಳಸಿ. ಎರಡನೆಯ ದಿನ ಹಿಟ್ಟು ಹುಚ್ಚೆದ್ದಂತೆ ಉಬ್ಬಿ, ಕೆಟ್ಟ ನಾತವನ್ನೂ ಹೊರಡಿಸಿ, ಮೂರನೆಯ ದಿನದಿಂದ ಸದ್ದಿಲ್ಲದೆ ಮಲಗಿಬಿಡುತ್ತದೆ. ಹೆಚ್ಚಿನವರು ಸತ್ತಿತೆಂದು ಎಸೆಯುವುದು ಇಲ್ಲಿಯೇ. ಮೊದಲ ಉಬ್ಬರ ನಮಗೆ ಬೇಡದ ಬ್ಯಾಕ್ಟೀರಿಯಾಗಳದು. ಹುಳಿ ಏರಿದಂತೆ ಅವು ಅಡಗಿ, ನಿಜವಾದ ಯೀಸ್ಟ್ ತಲೆಯೆತ್ತಲು ಇನ್ನೂ ಕೆಲವು ದಿನ ಬೇಕಾಗುತ್ತದೆ. ದಿನವೂ ಊಟ ಹಾಕುತ್ತ ಹತ್ತು ದಿನ ಕಾಯಿರಿ. ಈ ಬ್ರೆಡ್ಡಿಗೆ ಹೆಸರಾದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಿಂದಲೇ ಹೆಪ್ಪು ತರಿಸಬೇಕೆಂಬ ಹಂಬಲವೂ ಬೇಡ. ಆ ಊರಿನ ಹೆಸರನ್ನು 1971ರಲ್ಲಿ ಒಂದು ಬ್ಯಾಕ್ಟೀರಿಯಾಕ್ಕೆ ಇಟ್ಟದ್ದು ನಿಜವಾದರೂ, ಅದೇ ಬ್ಯಾಕ್ಟೀರಿಯಾ ಯೂರೋಪಿನ ಹುಳಿಹಿಟ್ಟುಗಳಲ್ಲಿಯೂ ಸಿಕ್ಕಿದೆ.

ವಾರಕ್ಕೊಂದೇ ಬ್ರೆಡ್ ಸುಡುವವರು ಹೆಪ್ಪನ್ನು ಫ್ರಿಜ್ಜಿನಲ್ಲಿ ಇಡಬೇಕು. ಊಟ ಹಾಕಿ, ಒಂದು ಗಂಟೆ ಹೊರಗಿಟ್ಟು, ಉಬ್ಬಲು ಆರಂಭಿಸಿದ ಕೂಡಲೇ ಒಳಗೆ ಸೇರಿಸಿದರೆ ವಾರದ ಮಟ್ಟಿಗೆ ಚಿಂತೆಯಿಲ್ಲ. ಬ್ರೆಡ್ ಮಾಡುವ ಹಿಂದಿನ ದಿನ ಹೊರತೆಗೆದು ಎರಡು ಬಾರಿ ಊಟ ಹಾಕಿ ಎಬ್ಬಿಸಬೇಕು. ಮೇಲೆ ಬೂದುಬಣ್ಣದ ನೀರು ನಿಂತಿದ್ದರೆ ಬಗ್ಗಿಸಿ ಚೆಲ್ಲಿದರಾಯಿತು. ಆದರೆ ಗುಲಾಬಿ ಅಥವಾ ಕಿತ್ತಳೆ ಗೆರೆ ಕಂಡರೆ, ಇಲ್ಲವೇ ಬೂಷ್ಟು ಹಿಡಿದಿದ್ದರೆ, ಮೇಲಿನದನ್ನಷ್ಟೇ ತೆಗೆದು ಉಳಿಸಿಕೊಳ್ಳುವ ಜಿಪುಣತನ ಖಂಡಿತ ಬೇಡ. ಪೂರ್ತಿ ಎಸೆದು ಭರಣಿಯನ್ನು ಕುದಿನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ನಮ್ಮ ಗೋಡೆಗಳಿಗೇ ಬೂಷ್ಟು ಬರುವುದರಿಂದ ಭರಣಿಯ ಬಾಯಿಯ ಸುತ್ತ ಅಂಟಿದ ಹಿಟ್ಟನ್ನು ಪ್ರತಿ ಸಲವೂ ಒರೆಸಬೇಕು, ತಿಂಗಳಿಗೊಮ್ಮೆ ಭರಣಿ ಬದಲಿಸಬೇಕು. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ. ಒಮ್ಮೆ ಚಿಕ್ಕ ಭರಣಿಯಲ್ಲಿಟ್ಟ ಹೆಪ್ಪು ರಾತ್ರಿಯೆಲ್ಲ ಉಕ್ಕಿ ಕಡಪ ಕಲ್ಲಿನ ಕಟ್ಟೆಯ ಮೇಲೆ ಒಣಗಿಹೋಗಿತ್ತು. ನಾನು ಅದರ ಮೇಲೆ ಬಿಸಿನೀರು ಹೊಯ್ದೆ, ಹಿಟ್ಟು ಬೆಂದು ಮತ್ತಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತು. ಒಣಗಿ ಅಂಟಿದ ಹೆಪ್ಪನ್ನು ಬಿಡಿಸಲು ತಣ್ಣೀರೇ ಸರಿಯೆಂದು ಆ ಬೆಳಿಗ್ಗೆ ಕಲಿತೆ.

ಊಟ ಹಾಕುವಾಗ ಹೊರತೆಗೆದ ಹಳೆಯ ಹೆಪ್ಪನ್ನು ಕಸಕ್ಕೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಫ್ರಿಜ್ಜಿನಲ್ಲಿ ಒಂದು ಡಬ್ಬಿಗೆ ಕೂಡಿಡುತ್ತೇನೆ. ಶನಿವಾರ ಅದಕ್ಕೆ ಅಕ್ಕಿ ಹಿಟ್ಟು, ಜೀರಿಗೆ, ಹಸಿಮೆಣಸು, ಉಪ್ಪು, ಬೇಕಾದಷ್ಟು ನೀರು ಸೇರಿಸಿ ದೋಸೆ ಹೊಯ್ದರೆ, ಉದ್ದು ನೆನೆಹಾಕಲು ಮರೆತ ಸಂಗತಿ ಮನೆಯವರಿಗೆ ತಿಳಿಯುವುದೇ ಇಲ್ಲ. ಬ್ರೆಡ್ಡಿನ ಹಿಟ್ಟಿಗೂ ಸೆಖೆಯ ಲೆಕ್ಕವೇ ಅನ್ವಯಿಸುತ್ತದೆ: 500 ಗ್ರಾಂ ಹಿಟ್ಟಿಗೆ 100 ಗ್ರಾಂ ಹೆಪ್ಪು ಎಂದು ಬರೆದಿದ್ದರೆ ಬೇಸಿಗೆಯಲ್ಲಿ 50 ಗ್ರಾಂ ಸಾಕು. ಹೆಪ್ಪಿಗೆ ಮಾತ್ರ ಎಂದೂ ಉಪ್ಪು ಹಾಕಬೇಡಿ. ಗೋವಾದ ಪೊದೇರರು, ಎಂದರೆ ಬ್ರೆಡ್ ಸುಡುವವರು, ಹಿಂದೆ ಪಾವಿನ ಹಿಟ್ಟನ್ನು ತೆಂಗಿನ ಕಳ್ಳಿನಿಂದ ಉಬ್ಬಿಸುತ್ತಿದ್ದರು, ನಮ್ಮ ಮಂಗಳೂರು ಕಡೆಯ ಸನ್ನಣವೆಂಬ ಇಡ್ಲಿಯಂತಹ ತಿಂಡಿಗೂ ಅದೇ ಕಳ್ಳು; ಹುದುಗು ನಮಗೆ ಹೊಸದೇನಲ್ಲ, ಭರಣಿಯಲ್ಲಿ ಸಾಕುವುದಷ್ಟೇ ಹೊಸದು.

ಊರಿಗೆ ಹೋಗುವ ಮುನ್ನ ಹದವಾದ ಹೆಪ್ಪನ್ನು ಬೆಣ್ಣೆ ಕಾಗದದ ಮೇಲೆ ತೆಳುವಾಗಿ ಸವರಿ, ನೆರಳಿನಲ್ಲಿ ಫ್ಯಾನಿನ ಕೆಳಗೆ ಹಪ್ಪಳದಂತೆ ಒಣಗಿಸಿ, ಪುಡಿಮಾಡಿ ಡಬ್ಬಿಗೆ ತುಂಬಿಡಿ, ಬಿಸಿಲಿಗಿಟ್ಟು ಕಾಯಿಸಬೇಡಿ. ತಿಂಗಳುಗಟ್ಟಲೆ ಕೆಡದು. ಅಂತಹ ಒಂದು ಪೊಟ್ಟಣವನ್ನು ಪುಣೆಯಲ್ಲಿರುವ ತಂಗಿಯ ಮಗಳಿಗೆ ಡಿಸೆಂಬರಿನಲ್ಲಿ ಕೊಟ್ಟಿದ್ದೆ. ಮೂರನೆಯ ದಿನ ಫೋನ್ ಮಾಡಿ, "ದೊಡ್ಡಮ್ಮ, ನಿಮ್ಮ ಹೆಪ್ಪು ಏಳುತ್ತಲೇ ಇಲ್ಲ" ಎಂದಳು. ಪುಣೆಯ ಚಳಿಗಾಲದ ರಾತ್ರಿ ನಮ್ಮದಕ್ಕಿಂತ ಬಹಳ ತಣ್ಣಗಿರುವುದನ್ನು ನಾನು ಹೇಳಲು ಮರೆತಿದ್ದೆ. ಬೆಚ್ಚನೆಯ ನೀರಿನಲ್ಲಿ ಕಲಸಿ, ಆರಿಸಿದ ಓವನ್ನಿನೊಳಗೆ ಬಿಸಿನೀರಿನ ಪಾತ್ರೆಯೊಂದರ ಪಕ್ಕ ಇಡು ಎಂದೆ. ಎರಡು ದಿನ ಕಳೆದು ಬಂದ ಫೋಟೋದಲ್ಲಿ ಹೆಪ್ಪು ರಬ್ಬರ್ ಬ್ಯಾಂಡನ್ನು ದಾಟಿ ಒಂದು ಬೆರಳು ಮೇಲಿತ್ತು.