ಡಿಶ್‌ನಲ್ಲಿ ಬೆಳೆದ ನರಕೋಶಗಳು: ಅಲ್ಝೈಮರ್ ಸಂಶೋಧನೆಯಲ್ಲಿ ನನ್ನ ಅನುಭವ

ಅಲ್ಝೈಮರ್ ಕಾಯಿಲೆಯಲ್ಲಿ ನರಕೋಶಗಳು ಸಾಯುವುದಕ್ಕೆ ಮೊದಲೇ ಅವುಗಳ ನಡುವೆ ಸಂದೇಶ ದಾಟಿಸುವ ಸಿನಾಪ್ಸ್‌ಗಳು ಕಳಚಿಕೊಳ್ಳತೊಡಗುತ್ತವೆ. ಬೀಟಾ ಅಮಿಲಾಯ್ಡ್ ಎಂಬ ಪೆಪ್ಟೈಡ್‌ನ (ಅಮೈನೋ ಆಮ್ಲಗಳ ಕಿರು ಸರಪಳಿಯ) ಸಣ್ಣ ಗುಂಪುಗಳು, ಅಂದರೆ ಆಲಿಗೋಮರ್‌ಗಳು, ಇದಕ್ಕೆ ಹೇಗೆ ಕಾರಣವಾಗುತ್ತವೆ ಎಂಬುದನ್ನು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಲಿಯ ಮೆದುಳಿನಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗದ ನರಕೋಶಗಳನ್ನು ಬೆಳೆಸಿ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಮಾಡಿದ ಬಗೆಯನ್ನು, ಈ ಕ್ಷೇತ್ರಕ್ಕೆ ಬರಲಿರುವ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿದ್ದೇನೆ.

ಪ್ರಾಣಿ ನೈತಿಕ ಸಮಿತಿಯ ಅನುಮತಿ ದೊರೆತ ನಂತರವೇ ಕೆಲಸ ಆರಂಭವಾಗುತ್ತದೆ. ಗರ್ಭದ 18ನೆಯ ದಿನದ ಭ್ರೂಣಗಳನ್ನು ನಾವು ಆರಿಸಿಕೊಳ್ಳುತ್ತೇವೆ. ಆ ಹೊತ್ತಿಗೆ ಹಿಪೊಕ್ಯಾಂಪಸ್‌ನ ಪಿರಮಿಡ್ ಆಕಾರದ ಕೋಶಗಳಲ್ಲಿ ಹೆಚ್ಚಿನವು ಹುಟ್ಟಿರುತ್ತವೆ, ಆದರೆ ಅವುಗಳ ಕವಲುಗಳು ಇನ್ನೂ ಉದ್ದವಾಗಿರುವುದಿಲ್ಲವಾದ್ದರಿಂದ ಬಿಡಿಸುವಾಗ ಕಡಿಮೆ ಹಾನಿಯಾಗುತ್ತದೆ. ಬಿಡಿಸಿ ತೆಗೆದ ಅಂಗಾಂಶವನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್ ಕಿಣ್ವದಲ್ಲಿಟ್ಟು, ತುದಿಯನ್ನು ಬೆಂಕಿಯಲ್ಲಿ ಕಾಯಿಸಿ ನುಣುಪಾಗಿಸಿದ ಗಾಜಿನ ಪೈಪೆಟ್‌ನಿಂದ ಮೆಲ್ಲಗೆ ಮೇಲೆ ಕೆಳಗೆ ಎಳೆದು ಕೋಶಗಳನ್ನು ಬೇರ್ಪಡಿಸುತ್ತೇವೆ. ಇಲ್ಲಿ ಗುಳ್ಳೆ ಏಳಬಾರದು.

ಹೊಸಬರು ಹಗುರವಾಗಿ ಕಾಣುವುದು ಕೋಶಗಳು ಅಂಟಿ ಬೆಳೆಯುವ ತೆಳು ಗಾಜಿನ ತುಣುಕು, ಅಂದರೆ ಕವರ್‌ಸ್ಲಿಪ್, ತೊಳೆಯುವ ಕೆಲಸವನ್ನು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗ ನಿಂತಿರುವುದು ಅದರ ಮೇಲೆ. ಗಾಜನ್ನು ರಾತ್ರಿಯಿಡೀ ಗಾಢ ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಿ, ಒಣಗಿಸಿ, ಬಿಸಿಯಲ್ಲಿ ಕ್ರಿಮಿಶುದ್ಧಗೊಳಿಸಿ, ಆ ಬಳಿಕ ಕೋಶಗಳು ಅಂಟಿಕೊಳ್ಳಲು ನೆರವಾಗುವ ಪಾಲಿ-ಲೈಸೀನ್ ಲೇಪಿಸಬೇಕು. ಹೀಗೆ ಸಿದ್ಧವಾದ ಗಾಜಿನ ಮೇಲೆ ಕೋಶಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಗಾಜಿನಲ್ಲಿ ಕಲ್ಮಷ ಉಳಿದಿದ್ದರೆ ಅವು ಗುಂಪುಗೂಡಿ, ಕವಲುಗಳು ಕಂತೆ ಕಟ್ಟಿಕೊಂಡು, ಎರಡು ವಾರಗಳೊಳಗೆ ಕಿತ್ತು ಬರುತ್ತವೆ. ಕೋಶಗಳಿಗೆ ಬಿ-27 ಎಂಬ ಪೂರಕ ಬೆರೆಸಿದ ನ್ಯೂರೋಬೇಸಲ್ ಮೀಡಿಯಂ (ಪೋಷಕ ದ್ರವ) ಕೊಡುತ್ತೇವೆ, ಮತ್ತು ಪ್ರತಿ ಬಾರಿ ಅದರ ಒಂದು ಭಾಗವನ್ನಷ್ಟೇ ಬದಲಿಸುತ್ತೇವೆ, ಏಕೆಂದರೆ ಕೋಶಗಳು ತಾವೇ ಸ್ರವಿಸಿದ ಪೋಷಕಾಂಶಗಳು ಹಳೆಯ ಮೀಡಿಯಂನಲ್ಲಿ ಇರುತ್ತವೆ.

ಮೊದಲ ಕೆಲವು ದಿನಗಳಲ್ಲಿ ಕೋಶದ ಹಲವು ಚಾಚುಗಳಲ್ಲಿ ಒಂದು ಮಾತ್ರ ಥಟ್ಟನೆ ಉದ್ದವಾಗಿ ಸಂದೇಶ ಕಳಿಸುವ ಆಕ್ಸಾನ್ ಆಗುತ್ತದೆ, ಉಳಿದವು ಸಂದೇಶ ಪಡೆಯುವ ಡೆಂಡ್ರೈಟ್‌ಗಳಾಗುತ್ತವೆ. ಎಷ್ಟು ಸಲ ನೋಡಿದರೂ ಈ ಹಂತ ನನಗೆ ಬೇಸರ ತಂದಿಲ್ಲ. ಮೂರನೆಯ ವಾರಕ್ಕೆ ಡೆಂಡ್ರೈಟ್‌ಗಳ ಮೇಲೆ ಕೊಂಬೆಯ ಮೊಗ್ಗುಗಳಂತೆ ಸ್ಪೈನ್‌ಗಳು ಮೂಡಿರುತ್ತವೆ. ಕೋಶವನ್ನು ಪ್ರಚೋದಿಸುವ ಸಿನಾಪ್ಸ್‌ಗಳಲ್ಲಿ ಹೆಚ್ಚಿನವು ಇವುಗಳ ಮೇಲೆಯೇ ಇರುವುದರಿಂದ ನಾವು ಎಣಿಸುವುದು ಇವನ್ನೇ. ಇವುಗಳನ್ನು 1888ರಲ್ಲಿಯೇ ಸ್ಪೇನ್‌ನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಕೋಳಿಯ ಕಿರುಮೆದುಳಿನಲ್ಲಿ ಗುರುತಿಸಿದ್ದರು. ನಮ್ಮ ಪ್ರಯೋಗಕ್ಕೆ ಕೆಲವೇ ಕೋಶಗಳಲ್ಲಿ ಹಸಿರು ಪ್ರತಿದೀಪಕ ಪ್ರೋಟೀನಿನ ಜೀನ್ ಸೇರಿಸುತ್ತೇವೆ. ಎಲ್ಲವೂ ಹೊಳೆದರೆ ಯಾವ ಸ್ಪೈನ್ ಯಾವ ಕೋಶದ್ದೆಂದು ತಿಳಿಯುವುದಿಲ್ಲ.

ಆಲಿಗೋಮರ್ ತಯಾರಿಯಲ್ಲಿ ತಾಪಮಾನವೂ ಕಾಲವೂ ನಿರ್ಣಾಯಕ. 42 ಅಮೈನೋ ಆಮ್ಲಗಳ ಪೆಪ್ಟೈಡ್ ಅನ್ನು ಮೊದಲು ಫ್ಲೋರಿನ್‌ಯುಕ್ತ ದ್ರಾವಕದಲ್ಲಿ ಕರಗಿಸಿ, ಹಳೆಯ ಗಂಟುಗಳನ್ನೆಲ್ಲ ಬಿಡಿಸಿ, ಪದರವಾಗಿ ಒಣಗಿಸಿ, ಬಳಿಕ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ತಣ್ಣನೆಯ ಮೀಡಿಯಂಗೆ ಬೆರೆಸಿ 4 ಡಿಗ್ರಿಯಲ್ಲಿ ಒಂದು ದಿನ ಇಡುತ್ತೇವೆ. ಪರಿಸ್ಥಿತಿ ಬದಲಾದರೆ ಅದೇ ಪೆಪ್ಟೈಡ್ ಉದ್ದನೆಯ ನಾರುಗಳಾಗಿ ಬೆಳೆಯುತ್ತದೆ, ಆಗ ಪ್ರಯೋಗದ ಪ್ರಶ್ನೆಯೇ ಬೇರೆಯಾಗುತ್ತದೆ. ಆದ್ದರಿಂದ ಪ್ರತಿ ತಯಾರಿಯನ್ನೂ, ಅಣುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿ ನೋಡದೆ ಕೋಶಗಳಿಗೆ ಹಾಕುವುದಿಲ್ಲ. ಇದರ ಜೊತೆಗೆ ಹೋಲಿಕೆಗಾಗಿ ದ್ರಾವಕ ಮಾತ್ರ ಹಾಕಿದ ಡಿಶ್, ಅಮೈನೋ ಆಮ್ಲಗಳ ಕ್ರಮ ಕಲಸಿದ ಪೆಪ್ಟೈಡ್ ಹಾಕಿದ ಡಿಶ್ ಎರಡೂ ಇರಲೇಬೇಕು.

ಕಾನ್ಫೋಕಲ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳ ಹೆಸರುಗಳನ್ನು ಸಹೋದ್ಯೋಗಿಯೊಬ್ಬರು ಸಂಕೇತಗಳಾಗಿ ಬದಲಿಸಿ ಕೊಡುತ್ತಾರೆ. ಯಾವ ಡಿಶ್‌ನದೆಂದು ತಿಳಿಯದೆಯೇ ನಾನು ಸ್ಪೈನ್‌ಗಳನ್ನು ಎಣಿಸುತ್ತೇನೆ. ಸ್ಪೈನ್ ಒಂದು ಮೈಕ್ರೋಮೀಟರ್‌ನ ಆಸುಪಾಸಿನದು, ಅದರ ಕತ್ತಂತೂ ಬೆಳಕಿನ ಸೂಕ್ಷ್ಮದರ್ಶಕದ ಮಿತಿಗೆ ತಾಗುವಷ್ಟು ಸಣ್ಣದು. ಇಂಥ ಕಡೆ ನಮ್ಮ ನಿರೀಕ್ಷೆ ಎಣಿಕೆಯೊಳಗೆ ಸುಲಭವಾಗಿ ನುಸುಳುತ್ತದೆ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು: ಒಂದೇ ಕಲ್ಚರ್‌ನ, ಅಂದರೆ ಒಮ್ಮೆಗೆ ತೆಗೆದು ಬೆಳೆಸಿದ ಕೋಶಗಳ ತಂಡದ, ನೂರು ಕೋಶಗಳನ್ನು ಅಳೆದರೂ ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಅದು ಒಂದೇ ಪ್ರಯೋಗ, ಏಕೆಂದರೆ ಆ ಕೋಶಗಳೆಲ್ಲ ಒಂದೇ ತಾಯಿಯ ಮರಿಗಳಿಂದ, ಒಂದೇ ದಿನದ ಕೈಕೆಲಸದಿಂದ ಬಂದಿವೆ. ಬೇರೆ ಬೇರೆ ಕಲ್ಚರ್‌ಗಳಲ್ಲಿ ಮರುಕಳಿಸಿದ್ದನ್ನು ಮಾತ್ರ ಫಲಿತಾಂಶವೆಂದು ಬರೆದುಕೊಳ್ಳುತ್ತೇವೆ.

ಹಾಗೆ ಮರುಕಳಿಸಿದ್ದು, ಬೇರೆ ಪ್ರಯೋಗಾಲಯಗಳೂ ಕಂಡಿದ್ದ ಸಂಗತಿ: ಆಲಿಗೋಮರ್ ತಾಗಿದ ಕೋಶಗಳು ಬದುಕಿದ್ದವು, ಆದರೆ ಅವುಗಳ ಸ್ಪೈನ್‌ಗಳು ವಿರಳವಾಗಿದ್ದವು, ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕಕ್ಕೆ ಸ್ಪಂದಿಸುವ ಎನ್‌ಎಂಡಿಎ ಗ್ರಾಹಕಗಳನ್ನು ಮೊದಲೇ ತಡೆದಾಗ ಈ ನಷ್ಟ ತಗ್ಗಿತು. ಇದರಿಂದ ಔಷಧಿ ಸಿಕ್ಕಿತೆಂದು ಹೇಳಲು ನಾನು ಒಪ್ಪುವುದಿಲ್ಲ. ಅದೇ ಗ್ರಾಹಕವನ್ನು ತಡೆಯುವ ಮೆಮಾಂಟೀನ್ ಎಂಬ ಔಷಧಿ ಈಗಾಗಲೇ ಬಳಕೆಯಲ್ಲಿದೆ, ಅದರ ಪ್ರಯೋಜನ ಸೀಮಿತ. ಆ ಗ್ರಾಹಕವೇ ಕಲಿಕೆಗೂ ಬೇಕು.

ನಮ್ಮ ಡಿಶ್‌ನಲ್ಲಿ ರಕ್ತನಾಳಗಳಿಲ್ಲ, ಮೆದುಳಿನ ರಕ್ಷಣಾ ಕೋಶಗಳಾದ ಮೈಕ್ರೋಗ್ಲಿಯಾ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮತ್ತು ದಶಕಗಳ ಕಾಲ ಹಬ್ಬುವ ಕಾಯಿಲೆಯನ್ನು ಕೆಲವೇ ವಾರಗಳ ಎಳೆಯ ಕೋಶಗಳಲ್ಲಿ ನೋಡುತ್ತಿದ್ದೇವೆ. ಹೀಗಾಗಿ ಇಲ್ಲಿ ಕಂಡದ್ದನ್ನು ಮಾನವ ಅಂಗಾಂಶದಲ್ಲಿ ಪರಿಶೀಲಿಸುವುದು ಅನಿವಾರ್ಯ. ದಾನವಾಗಿ ಬಂದ ಮೆದುಳುಗಳನ್ನು ಸಂರಕ್ಷಿಸುವ ನಿಮ್ಹಾನ್ಸ್‌ನಂಥ ಸಂಗ್ರಹ ನಮ್ಮ ಊರಿನಲ್ಲಿಯೇ ಇರುವುದು ಈ ಕೆಲಸಕ್ಕೆ ದೊಡ್ಡ ಆಸರೆ. ಮರಣದ ನಂತರ ಗಂಟೆಗಳು ಕಳೆದಂತೆ ಸಿನಾಪ್ಸ್‌ನ ಪ್ರೋಟೀನುಗಳು ಬದಲಾಗುವುದರಿಂದ, ಇಂಥ ಹೋಲಿಕೆಯಲ್ಲಿ ರೋಗಿಯ ಮತ್ತು ಆರೋಗ್ಯವಂತರ ಮಾದರಿಗಳು ವಯಸ್ಸಿನಲ್ಲಿಯೂ ಅಂಗಾಂಶ ಸಂಗ್ರಹಿಸಲು ಹಿಡಿದ ಅವಧಿಯಲ್ಲಿಯೂ ಸರಿಸಮಾನವಾಗಿವೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.